ಸವಣೂರಿನ ದೊಡ್ಡ ಹುಣಸೆ: ಮೂಲವಿಚಾರವೂ ವಯೋನಿರ್ಣಯವೂ

೧. ಮರವೂ ಹೆಸರೂ

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆಯ ಮಠವೆಂದು ಪ್ರಸಿದ್ಧವಾದ ಒಂದು ಮಠವುಂಟು. ಆ ಮಠಕ್ಕೆ ಹೆಸರನ್ನು ಕೊಟ್ಟವು ಅದರ ಆವರಣದಲ್ಲಿ ಬಹುಕಾಲದಿಂದ ಬೆಳೆದುಬಂದ ಮೂರು ಮಹಾವೃಕ್ಷಗಳು. ಅವುಗಳ ಕಾಂಡದ ಸುತ್ತಳತೆ ಹತ್ತು ಮೀಟರಿಗೂ ಮಿಕ್ಕದ್ದು. ಬೇಸಗೆಯಲ್ಲಿ ಎಲೆಯೆಲ್ಲ ಉದುರಿದಾಗ ಅವುಗಳ ಕೊಂಬೆಗಳು ಬೇರುಗಳಂತೆ ಕಾಣುವುದರಿಂದ, ಮರವನ್ನು ತಲೆಕೆಳಗಾಗಿ ನೆಟ್ಟಿರುವರೋ ಎಂಬ ಭ್ರಾಂತಿ ನೋಡುವವರಿಗೆ ಉಂಟಾಗುತ್ತದೆ. ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥದ ಕಲ್ಪನೆಯು ಪಂಡಿತರಿಗೆ ಸಹಜವಾಗಿ ಸ್ಮರಣೆಗೆ ಬರುತ್ತದೆ. ಈ ಮರಗಳಿಗೆ ಸಾವಿರಾರು ವರ್ಷಗಳಾದುವೆಂದೂ, ಶ್ರೀಕೃಷ್ಣನೇ ಇವನ್ನು ತಂದು ನೆಟ್ಟನೆಂದೂ ಜನರಲ್ಲಿ ಪ್ರತೀತಿಯುಂಟು.

ಹೆಸರು ದೊಡ್ಡ ಹುಣಸೆಯಾದರೂ ಇದು ಹುಣಸೆಯ ಜಾತಿಯ ಮರವಲ್ಲ. ಯುರೋಪಿನ ಭಾಷೆಗಳಲ್ಲಿ ಇದಕ್ಕೆ ಬಾವೊಬಾಬ್ ಎಂದು ಹೆಸರು; ಸಸ್ಯಶಾಸ್ತ್ರಜ್ಞರು ಇದನ್ನು ಅಡನ್ಸೋನಿಯಾ ಡಿಜಿಟಾಟಾ ಎಂದು ಕರೆಯುತ್ತಾರೆ. ಎಲೆಯು ಹಸ್ತದ ಬೆರಳುಗಳಂತೆ ಐದಾರು ಭಾಗಗಳಾಗಿ ಹರಡಿಕೊಂಡಿರುವುದೇ ಡಿಜಿಟಾಟಾ ಎಂಬ ವಿಶೇಷಣಕ್ಕೆ ಕಾರಣ. ಕುಲದಿಂದ ಇದು ಬೂರುಗದ, ಎಂದರೆ ಸಂಸ್ಕೃತದ ಶಾಲ್ಮಲಿಯ, ಬಂಧು. ಹುಣಸೆಯಾದರೋ ಅವರೆ ತೊಗರಿಗಳ ಕುಲಕ್ಕೆ ಸೇರಿದುದು. ಕಾಯಿಯೊಳಗಿನ ತಿರುಳು ಹುಳಿಯಾಗಿರುವ ಒಂದು ಧರ್ಮದಿಂದಲೇ ಕನ್ನಡಿಗರು ಇದನ್ನು ಹುಣಸೆಯೆಂದರು. ಮರಾಠಿಯ ಗೋರಖ ಚಿಂಚ, ಹಿಂದಿಯ ಗೋರಖ ಇಮಲಿ ಎಂಬ ಹೆಸರುಗಳಲ್ಲಿಯೂ ಇದೇ ಸಾದೃಶ್ಯವು ಪ್ರವೃತ್ತಿನಿಮಿತ್ತವಾಗಿದೆ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸತಕ್ಕದ್ದು. ಕನ್ನಡದ ಹುಣಸೆ, ಹಳಗನ್ನಡದ ಪುಣಿಸೆ, ತಮಿಳಿನ ಪುಳಿ ಎಂಬಿವು ಹುಳಿಯೆಂಬ ಅರ್ಥದ ಒಂದೇ ದ್ರಾವಿಡ ಧಾತುವಿಗೆ ಸೇರಿದುವು. ಅಮರಕೋಶದ ವನೌಷಧಿವರ್ಗದಲ್ಲಿಯೂ ಹುಣಸೆಗೆ ಹೆಸರುಗಳುಂಟು. ಅರಬರು ಅದರ ಹಣ್ಣನ್ನು ಹಿಂದೂದೇಶದ ಖರ್ಜೂರವೆಂದು ಕರೆದರು. ಆ ಅರಬೀ ಪದದಿಂದಲೇ ಯುರೋಪಿನ ಟ್ಯಾಮರಿಂಡ್ ಎಂಬ ಹೆಸರು ಹುಟ್ಟಿತು. ಇಷ್ಟಾದರೂ ಹುಣಸೆಯ ಮೂಲಭೂಮಿಯು ಉಷ್ಣವಲಯದ ಆಫ್ರಿಕವೆಂಬುದೇ ಈಗಿನ ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಆಫ್ರಿಕದಿಂದ ಬಂದ ಒಂದು ಮರವು ನಮ್ಮದೆಂದೇ ಆಗಿ, ಆಫ್ರಿಕದಿಂದಲೇ ಬಂದ ಇನ್ನೊಂದು ಮರಕ್ಕೆ ತನ್ನ ಹೆಸರನ್ನು ಕೊಟ್ಟಿತು. ಆದಕಾರಣ ಹೆಸರೊಂದನ್ನೇ ನೆಚ್ಚಿ ವಸ್ತುವಿನ ಮೂಲವನ್ನು ನಿರ್ಣಯಿಸಹೊರಟರೆ ದಾರಿತಪ್ಪುವುದು ನಿಶ್ಚಯ.

ಈ ಮರಗಳು ಎಂದಿನವು, ಎಲ್ಲಿಂದ ಬಂದುವು ಎಂಬ ಎರಡು ಪ್ರಶ್ನೆಗಳ ಮೇಲೆ ಈಚಿನ ವರ್ಷಗಳಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಹೊಸ ಬೆಳಕನ್ನು ಚೆಲ್ಲಿವೆ. ಹೊಸ ವಿವಾದಗಳನ್ನೂ ಎಬ್ಬಿಸಿವೆ. ಆ ವಿಚಾರಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಸಾಹಿತ್ಯಸಂಶೋಧಕರಿಗೆ ಉಳಿದಿರುವ ಕರ್ತವ್ಯವೇನೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ವಯೋನಿರ್ಣಯ

ಬಾವೊಬಾಬಿನ ವಯಸ್ಸಿನ ವಿಚಾರವು ಹಳೆಯದು. ಫ್ರಾನ್ಸ್ ದೇಶದ ಮಿಶೆಲ್ ಅದಾನ್ಸನ್ ಎಂಬ ಸಸ್ಯಶಾಸ್ತ್ರಜ್ಞನು ೧೭೪೯ರಲ್ಲಿ ಪಶ್ಚಿಮ ಆಫ್ರಿಕದ ಸೆನೆಗಲ್ ಪ್ರಾಂತವನ್ನು ಸೇರಿದನು. ಅಲ್ಲಿಯ ಮರಗಳ ತೊಗಟೆಯ ಮೇಲೆ ಹಿಂದಿನ ಶತಮಾನಗಳ ನಾವಿಕರು ಕೆತ್ತಿದ್ದ ಹೆಸರುಗಳನ್ನು ಅವನು ಕಂಡನು. ಅಂದಿನಿಂದ ಮರವು ಎಷ್ಟು ದಪ್ಪವಾಗಿರಬೇಕೆಂದು ಲೆಕ್ಕ ಹಾಕಿ, ಮೂವತ್ತು ಅಡಿ ವ್ಯಾಸದ ಮರಕ್ಕೆ ೫೧೫೦ ವರ್ಷಗಳೆಂದು ಹೇಳಿದನು. ಲಿನೇಯಸನು ಈ ಕುಲಕ್ಕೆ ಅಡನ್ಸೋನಿಯಾ ಎಂದು ಹೆಸರಿಟ್ಟುದು ಇವನ ಗೌರವಾರ್ಥವಾಗಿಯೇ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕವನ್ನು ಸಂಚರಿಸಿದ ಲಿವಿಂಗ್‌ಸ್ಟನ್ ಈ ಲೆಕ್ಕವನ್ನು ಒಪ್ಪಲಿಲ್ಲ. ಸುತ್ತಳತೆಯಿಂದ ವಯಸ್ಸನ್ನು ಅನುಮಾನಿಸುವುದರಲ್ಲಿ ದೋಷವುಂಟು; ಏಕೆಂದರೆ ದಪ್ಪವೆಂಬ ಹೇತುವು ವಯಸ್ಸೆಂಬ ಸಾಧ್ಯಕ್ಕೆ ವ್ಯಾಪ್ತವಾಗಿಲ್ಲ. ಈ ಮರದ ಕಾಷ್ಠವು ಮೃದು, ನೀರನ್ನು ಹೀರಿ ಹಿಡಿಯುವಂಥದು. ಮಳೆಯಾದ ವರ್ಷಗಳಲ್ಲಿ ಬೇಗ ಬೆಳೆಯುತ್ತದೆ, ಬರಗಾಲದಲ್ಲಿ ನಿಂತುಬಿಡುತ್ತದೆ. ತೇಗದಲ್ಲಿರುವಂತೆ ನಂಬತಕ್ಕ ವಾರ್ಷಿಕ ವಲಯಗಳೂ ಇದರಲ್ಲಿಲ್ಲ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಇದು ಸವ್ಯಭಿಚಾರ ಹೇತು.

ಇದಕ್ಕಿಂತ ಬಲವಾದ ಸಾಧನವು ೧೯೪೯ರಲ್ಲಿ ದೊರೆಯಿತು. ಅಮೆರಿಕದ ರಸಾಯನಶಾಸ್ತ್ರಜ್ಞನಾದ ವಿಲ್ಲರ್ಡ್ ಲಿಬಿಯು ಇಂಗಾಲದ ಒಂದು ಭೇದದಿಂದ ಕಾಲವನ್ನು ಅಳೆಯುವ ಕ್ರಮವನ್ನು ಸ್ಥಾಪಿಸಿದನು. ಅದಕ್ಕಾಗಿ ೧೯೬೦ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. ಅದರ ತತ್ತ್ವವು ಹೀಗೆ: ಗಾಳಿಯಲ್ಲಿ ಸಾಮಾನ್ಯ ಇಂಗಾಲದೊಡನೆ ಇಂಗಾಲ-೧೪ ಎಂಬ ವಿಕಿರಣಶೀಲ ಭೇದವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಮರವು ಜೀವಂತವಾಗಿರುವಾಗ ಎಲೆಗಳ ಮೂಲಕ ಎರಡನ್ನೂ ಸ್ವೀಕರಿಸುತ್ತದೆ. ಕಾಷ್ಠದ ಒಂದು ಪದರವು ರೂಪುಗೊಂಡು ಮುಗಿದ ಮೇಲೆ ಅದಕ್ಕೆ ಹೊಸ ಇಂಗಾಲವು ಸೇರುವುದಿಲ್ಲ. ಇದ್ದ ಇಂಗಾಲ-೧೪ ಮಾತ್ರ ಕ್ಷಯಿಸುತ್ತ ಹೋಗಿ ೫೭೩೦ ವರ್ಷಗಳಲ್ಲಿ ಅರ್ಧವಾಗುತ್ತದೆ. ಗಳಿಗೆಬಟ್ಟಲಿನಲ್ಲಿ ತುಂಬಿದ ನೀರಿನಿಂದ ಕಳೆದ ಹೊತ್ತನ್ನು ತಿಳಿಯುವಂತೆ, ಉಳಿದಿರುವ ಇಂಗಾಲ-೧೪ರಿಂದ ಆ ಪದರದ ಕಾಲವನ್ನು ತಿಳಿಯಬಹುದು. ಗಾಳಿಯಲ್ಲಿ ಅದರ ಪ್ರಮಾಣವು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವಾದ್ದರಿಂದ, ವಯಸ್ಸು ತಿಳಿದ ಬೇರೆ ಮರಗಳ ವಲಯಗಳೊಡನೆ ಹೋಲಿಸಿ ಫಲವನ್ನು ತಿದ್ದಿಕೊಳ್ಳುತ್ತಾರೆ.

ಈ ಕ್ರಮದಿಂದ ಪರೀಕ್ಷಿಸಲ್ಪಟ್ಟ ಒಂದು ಬಾವೊಬಾಬಿನ ಫಲವನ್ನು ಸ್ವಾರ್ಟ್ ಎಂಬ ವಿದ್ವಾಂಸನು ೧೯೬೩ರಲ್ಲಿ ಪ್ರಕಟಿಸಿದನು. ನಾಲ್ಕೂವರೆ ಮೀಟರ್ ವ್ಯಾಸದ ಆ ಮರಕ್ಕೆ ಸುಮಾರು ೧೦೧೦ ವರ್ಷಗಳಾಗಿದ್ದುವು. ಆಮೇಲೆ ರೊಮೇನಿಯ ದೇಶದ ಏಡ್ರಿಯನ್ ಪಾತ್ರೂತ್ ಮತ್ತು ಅವರ ಸಹಕಾರಿಗಳು ಅನೇಕ ಮರಗಳನ್ನು ಪರೀಕ್ಷಿಸಿದರು. ದೊಡ್ಡ ಬಾವೊಬಾಬು ಬಹುಮಟ್ಟಿಗೆ ಒಂದೇ ಕಾಂಡವಲ್ಲ, ಮಂಡಲಾಕಾರವಾಗಿ ಎದ್ದ ಹಲವು ಕಾಂಡಗಳು ಕಾಲಕ್ರಮದಲ್ಲಿ ಕೂಡಿಕೊಂಡುದು ಎಂದು ಅವರು ತೋರಿಸಿದರು. ನಡುವಣ ಪೊಳ್ಳು ಕಾಷ್ಠವು ಕೊಳೆತು ಆದುದೇ ಆಗಬೇಕಾಗಿಲ್ಲ. ಎಂದೂ ಕಾಷ್ಠದಿಂದ ತುಂಬದೆ ಕಾಂಡಗಳ ನಡುವೆ ಉಳಿದ ತೆರವೂ ಆಗಿರಬಹುದು. ಆದ್ದರಿಂದ ಮರದ ಮಧ್ಯವೇ ಅದರ ಅತ್ಯಂತ ಹಳೆಯ ಭಾಗವೆಂಬ ನಿಯಮವೂ ಇಲ್ಲವಾಯಿತು.

ಇದೇ ಪಂಡಿತರು ೨೦೨೦ರಲ್ಲಿ ಉತ್ತರಪ್ರದೇಶದ ಎರಡು ಮರಗಳ ವಿಷಯವನ್ನು ಪ್ರಕಟಿಸಿದರು. ಪ್ರಯಾಗದ ಬಳಿಯ ಝೂಂಸಿಯ ಮರದ ಅತ್ಯಂತ ಹಳೆಯ ಕಾಷ್ಠಕ್ಕೆ ೭೭೦, ಬಾರಾಬಂಕಿ ಜಿಲ್ಲೆಯ ಕಿಂತೂರಿನ ಮರದ ಕಾಷ್ಠಕ್ಕೆ ೭೭೫ ವರ್ಷಗಳೆಂದು ಕಂಡುಬಂದಿತು. ಇವುಗಳಲ್ಲಿ ೨೫ ವರ್ಷ ಹೆಚ್ಚುಕಡಮೆಯಾಗಬಹುದು. ಎರಡು ಮರಗಳೂ ಸುಮಾರು ೮೦೦ ವರ್ಷದವೆಂದೂ, ಅಲ್ಲಿಯವರೆಗೆ ಆಫ್ರಿಕದ ಹೊರಗೆ ಕಾಲವು ನಿರ್ಣಯಿಸಲ್ಪಟ್ಟ ಈ ಜಾತಿಯ ಮರಗಳಲ್ಲಿ ಇವೇ ಅತ್ಯಂತ ಹಳೆಯವೆಂದೂ ಅವರು ಹೇಳಿದರು. ಕಿಂತೂರಿನ ಮರವು ಮಹಾಭಾರತದ ಕಾಲದ ಪಾರಿಜಾತವೆಂಬ ನಂಬಿಕೆಯು ಇದರಿಂದ ಇತಿಹಾಸದೃಷ್ಟಿಯಲ್ಲಿ ನಿಲ್ಲದೆ ಹೋಯಿತು. ಆದರೆ ಪೋರ್ಚುಗೀಸರೇ ಈ ಮರವನ್ನು ಮೊದಲು ತಂದರೆಂಬ ಮತವೂ ಅದೇ ಪ್ರಮಾಣದಿಂದ ಬಿದ್ದುಹೋಯಿತೆಂಬುದನ್ನು ಮರೆಯಲಾಗದು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದುದು ೧೪೯೮ರಲ್ಲಿ, ಈ ಮರಗಳಾದರೋ ಹದಿಮೂರನೆಯ ಶತಮಾನದವು. ಜನಶ್ರುತಿಯ ಅತಿಶಯೋಕ್ತಿಯನ್ನೂ ಆಧುನಿಕರ ಅವಸರದ ಊಹೆಯನ್ನೂ ಒಂದೇ ಪರೀಕ್ಷೆಯು ಏಕಕಾಲದಲ್ಲಿ ತಿದ್ದಿತು.

೩. ಬಂದ ದಾರಿ

ಮರವು ಎಂದಿನದೆಂಬುದನ್ನು ಇಂಗಾಲವು ಹೇಳಬಲ್ಲುದು. ಎಲ್ಲಿಂದ ಬಂದಿತೆಂಬುದನ್ನು ಹೇಳಲಾರದು. ಅದಕ್ಕೆ ಜೀವಕೋಶದಲ್ಲಿರುವ ಡಿ. ಎನ್. ಎ. ಎಂಬ ವಂಶಲಿಪಿಯನ್ನು ಓದಬೇಕು. ಈ ವಿಧಾನವು ಗ್ರಂಥಸಂಪಾದಕರಿಗೆ ಅಪರಿಚಿತವಲ್ಲ. ಒಂದು ಕಾವ್ಯದ ಅನೇಕ ಓಲೆಪ್ರತಿಗಳು ದೊರೆತಾಗ, ಒಂದೇ ತಪ್ಪು ಅಥವಾ ಒಂದೇ ಪಾಠಾಂತರವು ಯಾವ ಯಾವ ಪ್ರತಿಗಳಲ್ಲಿ ಸಮಾನವಾಗಿದೆಯೋ ಅವು ಒಂದೇ ಮಾತೃಕೆಯಿಂದ ಹುಟ್ಟಿದುವೆಂದು ಸಂಪಾದಕನು ಊಹಿಸುತ್ತಾನೆ. ಅಂತೆಯೇ ತಲೆಯಿಂದ ತಲೆಗೆ ಪ್ರತಿಯಾಗುತ್ತ ಬರುವ ವಂಶಲಿಪಿಯಲ್ಲಿಯೂ ಸಣ್ಣಪುಟ್ಟ ವ್ಯತ್ಯಾಸಗಳು ಸೇರಿಕೊಳ್ಳುತ್ತವೆ. ಅವನ್ನು ಹೋಲಿಸಿದರೆ ಯಾವ ಮರವು ಯಾವುದಕ್ಕೆ ಸಮೀಪದ ಬಂಧುವೆಂದು ತಿಳಿಯುತ್ತದೆ.

ಕರೆನ್ ಬೆಲ್, ಹರಿಪ್ರಿಯಾ ರಂಗನ್ ಮತ್ತು ಅವರ ಸಹಕಾರಿಗಳು ಆಫ್ರಿಕ, ಭಾರತ, ಮ್ಯಾಸ್ಕರೀನ್ ದ್ವೀಪಗಳು, ಮಲೇಷಿಯ ಇವುಗಳ ಬಾವೊಬಾಬುಗಳಲ್ಲಿ ವಂಶಲಿಪಿಯ ಹತ್ತು ಸ್ಥಾನಗಳನ್ನು ಪರೀಕ್ಷಿಸಿ ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ಅದರ ಸಾರಾಂಶವಿದು: ಪಶ್ಚಿಮ ಹಾಗೂ ಮಧ್ಯ ಭಾರತದ ಮರಗಳು ತಾವೇ ಒಂದು ಗುಂಪಾಗಿವೆ. ಭಾರತದ ಮರಗಳಿಗೆ ಅತ್ಯಂತ ಸಮೀಪದ ಬಂಧುಗಳಿರುವುದು ಪೂರ್ವ ಆಫ್ರಿಕದ ಮೊಂಬಾಸಾ, ದಾರ್ ಎಸ್ ಸಲಾಮ್ ತೀರದಲ್ಲಿ. ಆಗ್ನೇಯ ಭಾರತದ ಮರಗಳು ಮಾತ್ರ ಮ್ಯಾಸ್ಕರೀನ್ ಮತ್ತು ಮಲೇಷಿಯದ ಮರಗಳೊಡನೆ ಸೇರಿ ಪಶ್ಚಿಮ ಆಫ್ರಿಕದ ಗುಂಪಿಗೆ ಹೊಂದಿಕೊಳ್ಳುತ್ತವೆ. ಅವು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಯುರೋಪಿನವರ ವಸಾಹತುಗಳ ಸಂಬಂಧದಿಂದ ಬಂದುವು. ಎಂದರೆ ಈ ಮರವು ಭಾರತಕ್ಕೆ ಒಮ್ಮೆಯೇ ಬಂದುದಲ್ಲ. ಹಲವು ಸಲ, ಹಲವು ಕೈಗಳಿಂದ, ಹಿಂದೆ ಎಣಿಸಿದ್ದುದಕ್ಕಿಂತ ದೀರ್ಘವಾದ ಕಾಲದಲ್ಲಿ ಬಂದಿತು.

ಭಾರತದ ಮರಗಳಲ್ಲಿ ವೈವಿಧ್ಯವು ಆಫ್ರಿಕದಲ್ಲಿರುವುದಕ್ಕಿಂತ ಕಡಮೆ. ಕೆಲವೇ ಬೀಜಗಳಿಂದ ಹುಟ್ಟಿದ ಸಂತಾನದಲ್ಲಿ ಹೀಗಾಗುವುದು ಸ್ವಾಭಾವಿಕ. ಆದರೆ ಪರೀಕ್ಷಿಸಿದ ಆಫ್ರಿಕದ ಮರಗಳಲ್ಲಿ ಕಾಣದ ಕೆಲವು ರೂಪಗಳೂ ಭಾರತದ ಮರಗಳಲ್ಲಿ ಕಂಡುಬಂದುವು. ಇದಕ್ಕೆ ಎರಡು ರೀತಿಯಲ್ಲಿ ಅರ್ಥಮಾಡಬಹುದು. ಬಹುಕಾಲ ಬೇರೆಯಾಗಿದ್ದುದರಿಂದ ಇಲ್ಲಿಯೇ ಹೊಸ ಪಾಠಗಳು ಹುಟ್ಟಿದುವೆಂಬುದು ಒಂದು; ಮೂಲಪ್ರತಿಯಿದ್ದ ಆಫ್ರಿಕದ ಊರು ಪರೀಕ್ಷೆಗೆ ಒಳಪಡದೆ ಉಳಿಯಿತೆಂಬುದು ಇನ್ನೊಂದು. ಒಂದೇ ಪ್ರತಿಯಲ್ಲಿ ಕಾಣುವ ಪಾಠವನ್ನು ಪ್ರಕ್ಷಿಪ್ತವೆನ್ನಬೇಕೋ, ನಷ್ಟವಾದ ಪ್ರಾಚೀನ ಮಾತೃಕೆಯ ಪಾಠವೆನ್ನಬೇಕೋ ಎಂದು ಕಾವ್ಯಸಂಪಾದಕನು ಎದುರಿಸುವ ತೊಡಕೇ ಇಲ್ಲಿಯೂ ಇದೆ.

ಸವಣೂರು ಪಶ್ಚಿಮಭಾರತಕ್ಕೂ ಆಗ್ನೇಯಭಾರತಕ್ಕೂ ನಡುವಣ ನಾಡಿನಲ್ಲಿದೆ. ಪಶ್ಚಿಮಕ್ಕೆ ಘಟ್ಟವನ್ನಿಳಿದರೆ ಹೊನ್ನಾವರ, ಭಟ್ಕಳಗಳೆಂಬ ಹಳೆಯ ರೇವುಗಳು. ಅರಬೀ ಕುದುರೆಗಳು ವಿಜಯನಗರಕ್ಕೆ ಬಂದುದು ಇಂಥ ರೇವುಗಳ ಮೂಲಕವೇ. ದಕ್ಷಿಣಾಪಥದ ಸುಲ್ತಾನರ ಸೈನ್ಯಗಳಲ್ಲಿ ಹಬಶಿಗಳಿದ್ದರು. ೧೬೨೬ರಲ್ಲಿ ತೀರಿಕೊಂಡ ಮಲಿಕಂಬರನು ಅವರಲ್ಲಿ ಅಗ್ರಗಣ್ಯನು. ಶಿಗ್ಗಾಂವಿ, ಹಾನಗಲ್ಲುಗಳಿಗೆ ನೆರೆಯಾದ ಉತ್ತರ ಕನ್ನಡ ಜಿಲ್ಲೆಯಲ್ಲಿ ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಸಿದ್ದಿಯರಿದ್ದಾರೆ. ಅವರ ಪೂರ್ವಿಕರು ಆಫ್ರಿಕದ ಬಾಂಟು ಭಾಷೆಗಳ ಜನರೆಂದು ೨೦೧೧ರಲ್ಲಿ ಪ್ರಕಟವಾದ ಜನ್ಯಶಾಸ್ತ್ರದ ಪರೀಕ್ಷೆಗಳು ತೋರಿಸಿವೆ. ಹೀಗೆ ಮರವು ಬರುವುದಕ್ಕೆ ದಾರಿಗಳು ಅನೇಕವಿದ್ದುವು. ಸವಣೂರಿನ ಮರಗಳು ಯಾವ ದಾರಿಯಿಂದ ಬಂದುವೆಂಬುದಕ್ಕೆ ಅವುಗಳ ಎಲೆ ಮತ್ತು ಕಾಷ್ಠಗಳೇ ಸಾಕ್ಷಿಯಾಗಬೇಕೇ ಹೊರತು ದಾರಿಯಿತ್ತೆಂಬ ಸಂಭವವು ಪ್ರಮಾಣವಾಗಲಾರದು.

೪. ಮೂಲದ ಮೂಲ

ಭಾರತಕ್ಕೆ ಆಫ್ರಿಕವು ಮೂಲವಾದರೆ, ಆಫ್ರಿಕಕ್ಕೆ ಮೂಲವಾವುದು? ಬಾವೊಬಾಬಿನ ಕುಲದಲ್ಲಿ ಎಂಟು ಜಾತಿಗಳನ್ನು ಎಣಿಸುತ್ತಾರೆ: ಮಡಗಾಸ್ಕರ್ ದ್ವೀಪದಲ್ಲಿ ಆರು, ಆಫ್ರಿಕ ಖಂಡದಲ್ಲಿ ಒಂದು, ಆಸ್ಟ್ರೇಲಿಯದಲ್ಲಿ ಒಂದು. ಹಿಂದೆ ಈ ಭೂಭಾಗಗಳೆಲ್ಲ ಗೊಂಡವಾನವೆಂಬ ಒಂದೇ ಮಹಾಖಂಡವಾಗಿದ್ದುವು. ಅದು ಒಡೆದಾಗ ಮರಗಳೂ ಬೇರೆಬೇರೆಯಾದುವೆಂದು ಕೆಲವರು ಊಹಿಸಿದ್ದರು. ಆದರೆ ೧೯೯೮ರಲ್ಲಿ ಬಾಮ್ ಮೊದಲಾದವರು ವಂಶಲಿಪಿಗಳನ್ನು ಹೋಲಿಸಿ, ಜಾತಿಗಳ ಅಗಲಿಕೆಯು ಖಂಡಗಳ ಅಗಲಿಕೆಗಿಂತ ಬಹಳ ಈಚಿನದೆಂದು ತೋರಿಸಿದುದರಿಂದ ಆ ಊಹೆ ದುರ್ಬಲವಾಯಿತು. ೨೦೨೪ರ ಮೇ ತಿಂಗಳಲ್ಲಿ ಚೀನ, ಇಂಗ್ಲೆಂಡ್, ಮಡಗಾಸ್ಕರ್ ಮೊದಲಾದ ದೇಶಗಳ ವಿದ್ವಾಂಸರು ಎಂಟು ಜಾತಿಗಳ ಸಮಗ್ರ ವಂಶಲಿಪಿಯನ್ನೂ ಓದಿ, ಈ ಕುಲವು ಮಡಗಾಸ್ಕರಿನಲ್ಲಿಯೇ ಉದಿಸಿತೆಂದೂ, ಅಲ್ಲಿಂದ ಎರಡು ಶಾಖೆಗಳು ಕಡಲನ್ನು ದಾಟಿ ಆಫ್ರಿಕವನ್ನೂ ಆಸ್ಟ್ರೇಲಿಯವನ್ನೂ ಸೇರಿದುವೆಂದೂ ಪ್ರತಿಪಾದಿಸಿದರು. ಕುಲದ ಆರಂಭವು ಸುಮಾರು ಎರಡು ಕೋಟಿ ಹತ್ತು ಲಕ್ಷ ವರ್ಷಗಳ ಹಿಂದಿನದೆಂಬುದು ಅವರ ಗಣನೆ.

ಇದು ಇಂದು ಬದುಕಿರುವ ಜಾತಿಗಳನ್ನು ಹೋಲಿಸಿ ಮಾಡಿದ ಅನುಮಾನ. ನಾಶವಾಗಿಹೋದ ಶಾಖೆಯೊಂದು ಆಫ್ರಿಕ ಖಂಡದಲ್ಲಿ ಇದ್ದುದಾದರೆ ಅದನ್ನು ಬದುಕಿರುವವುಗಳ ಲಿಪಿಯು ನೇರವಾಗಿ ಹೇಳಲಾರದು. ಆದುದರಿಂದ ಇದನ್ನು ಬಲವತ್ತರವಾದ ಪಕ್ಷವೆಂದು ಗ್ರಹಿಸಬೇಕೇ ಹೊರತು ವಿವಾದಾತೀತವೆಂದಲ್ಲ. ಶಾಸ್ತ್ರಜ್ಞರು ತಮ್ಮ ಪಕ್ಷವನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡುವ ಖಂಡನಮಂಡನಗಳು ಇದೇ ಕುಲದ ವಿಷಯದಲ್ಲಿಯೂ ನಡೆದಿವೆ. ೨೦೧೨ರಲ್ಲಿ ಪೆಟ್ಟಿಗ್ರೂ ಮತ್ತು ಇತರರು ಆಫ್ರಿಕದ ಎತ್ತರದ ಪ್ರದೇಶಗಳಲ್ಲಿ ಅಡನ್ಸೋನಿಯಾ ಕಿಲಿಮಾ ಎಂಬ ಒಂಬತ್ತನೆಯ ಜಾತಿಯನ್ನು ಕಂಡೆವೆಂದರು. ೨೦೧೬ರಲ್ಲಿ ಕ್ರಾನ್ ಮೊದಲಾದವರು ಅದೇ ಬೆಟ್ಟಗಳ ಮರಗಳನ್ನು ಪರೀಕ್ಷಿಸಿ, ಹೂವಿನಿಂದಲೂ ವರ್ಣತಂತುಗಳಿಂದಲೂ ಅವು ಬೇರೆಯಲ್ಲವೆಂದು ನಿರಾಕರಿಸಿದರು. ಜಾತಿಗಳ ಎಣಿಕೆ ಮರಳಿ ಎಂಟಕ್ಕೆ ಬಂದಿತು.

೫. ಐತಿಹ್ಯವೂ ಅನುಪಲಬ್ಧಿಯೂ

ಇನ್ನು ನಮ್ಮ ಗ್ರಂಥಗಳ ಕಡೆಗೆ ತಿರುಗಬೇಕು. ಪೌರಾಣಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿಗಳೊಡನೆ ಸಂಭವ, ಐತಿಹ್ಯಗಳನ್ನೂ ಸೇರಿಸಿ ಎಂಟು ಪ್ರಮಾಣಗಳನ್ನು ಹೇಳುವರು. ಕರ್ತೃವಾರೆಂದು ತಿಳಿಯದೆ ಪರಂಪರೆಯಿಂದ ಬಂದ ಮಾತು ಐತಿಹ್ಯ. ನೈಯಾಯಿಕರು ಇದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವನ್ನು ಕೊಡುವುದಿಲ್ಲ. ಹಾಗಿದ್ದರೂ ದೊಡ್ಡ ಹುಣಸೆಯ ಐತಿಹ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮಾನ್ಯಾಂಶವು ಗೋಚರವಾಗುತ್ತದೆ. ಸವಣೂರಿನಲ್ಲಿ ಶ್ರೀಕೃಷ್ಣನು ತಂದು ನೆಟ್ಟನೆನ್ನುವರು. ಕಿಂತೂರಿನಲ್ಲಿ ಕುಂತಿಯ ಪೂಜೆಗಾಗಿ ಅರ್ಜುನನು ಸ್ವರ್ಗದಿಂದ ತಂದನೆನ್ನುವರು. ಕಾಲವೂ ಕರ್ತೃವೂ ಕಲ್ಪಿತವಾದರೂ, ಮರವು ಇಲ್ಲಿಯದಲ್ಲ, ಯಾರೋ ದೂರದಿಂದ ತಂದರು ಎಂಬಂಶವು ಎರಡರಲ್ಲಿಯೂ ಉಳಿದಿದೆ. ಅರಳಿ, ಆಲ, ಬೇವುಗಳ ವಿಷಯದಲ್ಲಿ ಯಾವ ಊರಿನವರೂ ಇಂಥ ಕಥೆಯನ್ನು ಹೇಳುವ ಅಗತ್ಯವನ್ನು ಕಾಣುವುದಿಲ್ಲ. ಐತಿಹ್ಯವನ್ನು ಅಕ್ಷರಶಃ ನಂಬುವವರೂ, ಅದನ್ನು ಸಂಪೂರ್ಣವಾಗಿ ತಿರಸ್ಕರಿಸುವವರೂ ಈ ಅಂಶವನ್ನು ಕಳೆದುಕೊಳ್ಳುತ್ತಾರೆ.

ಪಾರಿಜಾತವೆಂಬ ಹೆಸರಿನಿಂದಲೂ ಭ್ರಾಂತಿಯಾಗಕೂಡದು. ಕೃಷ್ಣನು ಸ್ವರ್ಗದಿಂದ ತಂದ ಪಾರಿಜಾತದ ಕಥೆಯು ಹರಿವಂಶಾದಿಗಳಲ್ಲಿ ಪ್ರಸಿದ್ಧವಾದುದು. ಲೋಕದಲ್ಲಿ ಆ ಹೆಸರು ಒಂದೆಡೆ ರಾತ್ರಿಯಲ್ಲಿ ಅರಳಿ ಮುಂಜಾನೆ ಉದುರುವ ಚಿಕ್ಕ ಹೂವಿನ ಗಿಡಕ್ಕೂ, ಇನ್ನೊಂದೆಡೆ ಕೆಂಪು ಹೂವಿನ ಹಾಲುವಾಣಕ್ಕೂ ಸಲ್ಲುತ್ತ ಬಂದಿದೆ. ಮೂರನೆಯದಾಗಿ ಬಾವೊಬಾಬಿಗೂ ಸಂದುದು ಅದರ ಅಪೂರ್ವತೆಯಿಂದಲೇ.

ಹಾಗಾದರೆ ಪ್ರಾಚೀನ ಕಾವ್ಯಗಳ ಉದ್ಯಾನವರ್ಣನೆಗಳಲ್ಲಿ ಈ ಮರವು ಕಾಣದಿರುವುದನ್ನು ಅದು ಅಂದು ಇಲ್ಲದಿದ್ದುದಕ್ಕೆ ಪ್ರಮಾಣವಾಗಿ ಹಿಡಿಯಬಹುದೇ? ಇಲ್ಲಿ ಭಾಟ್ಟ ಮೀಮಾಂಸಕರ ವಿವೇಕವು ಉಪಯುಕ್ತವಾದುದು. ಕಾಣದಿರುವಿಕೆಯೆಲ್ಲವೂ ಅಭಾವವನ್ನು ಸಾಧಿಸುವುದಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿರುವಲ್ಲಿ ಮಾತ್ರ ಅನುಪಲಬ್ಧಿಯು ಪ್ರಮಾಣವಾಗುತ್ತದೆ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. ಮಹಾಕಾವ್ಯದ ಉದ್ಯಾನದಲ್ಲಿ ಯಾವ ಮರವು ಹೂಬಿಡಬೇಕೆಂಬುದನ್ನು ಕವಿಸಮಯವೇ ಗೊತ್ತುಮಾಡಿಬಿಟ್ಟಿದೆ. ಅಶೋಕ, ಮಾವು, ಸಂಪಿಗೆ, ಸುರಗಿಗಳ ನಡುವೆ ಹೊಸದಾಗಿ ಬಂದ ಬೋಳುಮರಕ್ಕೆ ಅಲ್ಲಿ ಸ್ಥಾನವಿಲ್ಲ. ಆದ್ದರಿಂದ ಕವಿಯ ಮೌನವು ಕತ್ತಲೆಯ ಕ��ಣೆ. ವೃಕ್ಷಾಯುರ್ವೇದವನ್ನು ಹೇಳುವ ಚಾವುಂಡರಾಯನ ಲೋಕೋಪಕಾರ, ೧೩೯೮ರ ಅಭಿನವಮಂಗರಾಜನ ನಿಘಂಟು, ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರ ಇಂಥ ಗ್ರಂಥಗಳ ಮೌನವಾಗಲಿ ಮಾತಾಗಲಿ ಹೆಚ್ಚಿನ ಬೆಲೆಯುಳ್ಳದ್ದು. ಏಕೆಂದರೆ ಲೋಕದಲ್ಲಿರುವ ವಸ್ತುಗಳನ್ನು ಎಣಿಸಿ ಹೇಳುವುದೇ ಅವುಗಳ ಪ್ರಯೋಜನ.

೬. ಹಳ್ಳೂರಿನ ರಾಗಿ: ಒಂದು ದೃಷ್ಟಾಂತ

ಆಫ್ರಿಕದಿಂದ ಬಂದ ಸಸ್ಯವು ಕನ್ನಡನಾಡಿನಲ್ಲಿ ನೆಲೆಗೊಂಡ ಇನ್ನೊಂದು ದೃಷ್ಟಾಂತವು ಇದೇ ಜಿಲ್ಲೆಯಲ್ಲಿದೆ. ತುಂಗಭದ್ರೆಯ ದಡದ ಹಳ್ಳೂರು ಉತ್ಖನನದ ಕಾಲಕ್ಕೆ ಹಿರೇಕೆರೂರು ತಾಲ್ಲೂಕಿಗೆ ಸೇರಿತ್ತು. ಅಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ೧೯೬೫ರಲ್ಲಿ ಉತ್ಖನನ ಮಾಡಿ, ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗಿನ ಜನವಸತಿಯ ಪದರಗಳನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕಿದ ಕರಿಕಾದ ಕಾಳುಗಳಲ್ಲಿ ರಾಗಿಯಿದೆಯೆಂದು ಅಂದು ನಿರ್ಣಯಿಸಲಾಯಿತು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಆದಕಾರಣ ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಆಫ್ರಿಕಕ್ಕೂ ತುಂಗಭದ್ರೆಯ ತೀರಕ್ಕೂ ಸಂಬಂಧವಿತ್ತೆಂಬ ವಾದವು ಹುಟ್ಟಿತು. ಅನಂತರ ಡೋರಿಯನ್ ಫುಲ್ಲರ್ ೨೦೦೩ರಲ್ಲಿ ಇಂಥ ವರದಿಗಳನ್ನೆಲ್ಲ ವಿಮರ್ಶಿಸಿ, ಸಿಪ್ಪೆ ಹೋಗಿ ಸುಟ್ಟ ಸಣ್ಣ ಕಾಳುಗಳಲ್ಲಿ ರಾಗಿಗೂ ದೇಶೀಯವಾದ ಬೇರೆ ಕಿರುಧಾನ್ಯಗಳಿಗೂ ಭೇದವನ್ನು ಗುರುತಿಸುವುದು ಕಷ್ಟವೆಂದೂ, ಹಿಂದಿನ ಅನೇಕ ನಿರ್ಣಯಗಳು ಸಂದಿಗ್ಧವೆಂದೂ ತೋರಿಸಿದರು. ರಾಗಿಯು ಆಫ್ರಿಕದ್ದೆಂಬುದು ಅದರಿಂದ ಅಲುಗಲಿಲ್ಲ. ಅದು ಬಂದ ಕಾಲದ ವಿಷಯದಲ್ಲಿ ಮಾತ್ರ ಎಚ್ಚರಿಕೆಯು ಬೇಕಾಯಿತು.

ಸಾಹಿತ್ಯದಲ್ಲಿ ರಾಗಿಗೂ ದೊಡ್ಡ ಹುಣಸೆಗೂ ದೊರೆತ ಸ್ಥಾನಗಳನ್ನು ಹೋಲಿಸುವುದು ಸ್ವಾರಸ್ಯವಾದುದು. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಮಧಾನ್ಯಚರಿತೆಯನ್ನು ರಚಿಸಿ, ಬತ್ತಕ್ಕೂ ರಾಗಿಗೂ ನಡೆದ ವಿವಾದದಲ್ಲಿ ರಾಗಿಗೇ ಜಯವನ್ನು ಕೊಡಿಸಿದರು. ಹೊರನಾಡಿನ ಧಾನ್ಯವು ಬಡವರ ಅನ್ನವಾಗಿ, ಕನ್ನಡದ ಕಾವ್ಯನಾಯಕನ ಪದವಿಗೇರಿತು. ಬಟ್ಟಲಿನಲ್ಲಿ ನಿತ್ಯವೂ ಇರುವ ವಸ್ತುವು ಇಂದಲ್ಲ ನಾಳೆ ಕಾವ್ಯವನ್ನು ಪ್ರವೇಶಿಸುತ್ತದೆ. ದೊಡ್ಡ ಹುಣಸೆಯಾದರೋ ಮಠ, ದರ್ಗಾ, ಕೋಟೆಗಳ ಅಂಗಳದಲ್ಲಿ ಒಂದೆರಡಾಗಿ ನಿಂತುಬಿಟ್ಟಿತು. ಹೊಲಕ್ಕಾಗಲಿ ಅಡಿಗೆಮನೆಗಾಗಲಿ ಇಳಿಯಲಿಲ್ಲ. ಕಾವ್ಯಗಳ ಮೌನಕ್ಕೆ ಇದೇ ಸಾಕಾದ ಕಾರಣ. ಮರದ ಅಭಾವವನ್ನು ಕಲ್ಪಿಸಬೇಕಾಗಿಲ್ಲ.

೭. ಶಾಸನಗಳಲ್ಲಿ ಹುಡುಕತಕ್ಕದ್ದು

ಕಾವ್ಯಕ್ಕಿಂತ ಶಾಸನವು ಈ ವಿಷಯದಲ್ಲಿ ಯೋಗ್ಯತರವಾದ ಸಾಕ್ಷಿ. ಹಾನಗಲ್ಲು, ಎಂದರೆ ಶಾಸನಗಳ ಪಾನುಂಗಲ್ಲು, ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಊರು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ನಾಡು ದಾನಶಾಸನಗಳಿಂದ ಸಮೃದ್ಧವಾಗಿದೆ. ದಾನಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಹಳ್ಳ, ಕಲ್ಲು, ಹುತ್ತ, ಮರಗಳನ್ನು ಹೆಸರಿಸುವುದು ಶಾಸನಕಾರರ ಪದ್ಧತಿ. ಅಲ್ಲಿ ಕವಿಸಮಯದ ನಿರ್ಬಂಧವಿಲ್ಲ. ಎದುರಿಗಿದ್ದ ಮರವನ್ನೇ ಬರೆಯಬೇಕು, ತಪ್ಪಿದರೆ ಭೂಮಿಯೇ ತಪ್ಪುತ್ತದೆ. ಅಸಾಧಾರಣವಾದ ಮರವು ಎಲ್ಲೆಯ ಗುರುತಿಗೆ ಅತ್ಯಂತ ಅನುಕೂಲವೂ ಹೌದು.

ಆದರೆ ಇಲ್ಲಿಯೂ ಶಬ್ದವು ಮೋಸಮಾಡಬಹುದು. ಹಿರಿಯ ಪುಣಿಸೆ ಎಂಬ ಅರ್ಥದ ಪದವು ಎಲ್ಲೆಯ ವಿವರದಲ್ಲಿ ದೊರೆತರೆ, ಅದು ದೊಡ್ಡದಾಗಿ ಬೆಳೆದ ಸಾಧಾರಣ ಹುಣಸೆಯೂ ಆಗಿರಬಹುದು, ಬಾವೊಬಾಬೂ ಆಗಿರಬಹುದು. ದೊಡ್ಡ ಎಂಬುದು ವಿಶೇಷಣವೋ ಸಂಜ್ಞೆಯ ಭಾಗವೋ ಎಂಬುದನ್ನು ಶಬ್ದವೊಂದೇ ತಿಳಿಸದು. ಆ ಸ್ಥಳದಲ್ಲಿ ಇಂದಿಗೂ ಮರವುಂಟೋ, ಇದ್ದರೆ ಅದರ ಕಾಷ್ಠದ ಕಾಲವು ಶಾಸನದ ಕಾಲಕ್ಕೆ ಹೊಂದುವುದೋ ಎಂದು ನೋಡಿದಾಗ ಮಾತ್ರ ಶ್ಲೇಷವು ಬಿಡಿಸಲ್ಪಡುತ್ತದೆ. ಇಂಗಾಲದ ಪರೀಕ್ಷೆಯು ಮರದ ಕಾಲವನ್ನು ಹೇಳುತ್ತದೆ, ಅದನ್ನು ನೆಟ್ಟವರ ವಿಷಯವನ್ನು ಹೇಳದು. ವಂಶಲಿಪಿಯು ಬೀಜದ ತವರನ್ನು ಹೇಳುತ್ತದೆ, ಅದು ಘಟ್ಟವನ್ನು ಹತ್ತಿದ ವರ್ಷವನ್ನು ಹೇಳದು. ಶಾಸನವು ವರ್ಷವನ್ನೂ ಊರನ್ನೂ ಹೇಳುತ್ತದೆ, ಮರದ ಜಾತಿಯನ್ನು ಸಂದೇಹಕ್ಕೆ ಬಿಡುತ್ತದೆ. ಒಂದೊಂದು ಪ್ರಮಾಣವೂ ಇನ್ನೊಂದರ ನ್ಯೂನತೆಯನ್ನು ತುಂಬತಕ್ಕದ್ದು. ಪ್ರಯೋಗಶಾಲೆಯ ಪಂಡಿತನಿಗೆ ಹಳಗನ್ನಡವು ಬಾರದಿದ್ದರೆ ಅದು ದೋಷವಲ್ಲ. ಹಳಗನ್ನಡ ಬಲ್ಲವನು ಅವನಿಗೆ ಸಾಕ್ಷ್ಯವನ್ನು ಒದಗಿಸದಿದ್ದರೆ ಅದು ಉಪೇಕ್ಷೆ.

೮. ಕಾಲಾವಕಾಶ

ಈ ಕಾರ್ಯಕ್ಕೆ ಕಾಲಾವಕಾಶವು ಅಪರಿಮಿತವಾಗಿಲ್ಲ. ಪಾತ್ರೂತ್ ಮತ್ತು ಅವರ ಸಹಕಾರಿಗಳು ೨೦೧೮ರಲ್ಲಿ ಪ್ರಕಟಿಸಿದಂತೆ, ಆಫ್ರಿಕದ ಅತ್ಯಂತ ಹಳೆಯ ೧೩ ಬಾವೊಬಾಬುಗಳಲ್ಲಿ ೯, ಅತ್ಯಂತ ದೊಡ್ಡವಾದ ೬ರಲ್ಲಿ ೫, ಹನ್ನೆರಡು ವರ್ಷಗಳೊಳಗೆ ಪೂರ್ಣವಾಗಿ ಸತ್ತುವು ಅಥವಾ ತಮ್ಮ ಅತ್ಯಂತ ಹಳೆಯ ಕಾಂಡಗಳನ್ನು ಕಳೆದುಕೊಂಡುವು. ಜಿಂಬಾಬ್ವೆಯ ಪಾಂಕೆ ಎಂಬ ಮರವು ಸುಮಾರು ೨೪೫೦ ವರ್ಷ ಬಾಳಿ ೨೦೧೦-೧೧ರಲ್ಲಿ ಬಿದ್ದುಹೋಯಿತು. ರೋಗದ ಲಕ್ಷಣಗಳು ಕಾಣದಿದ್ದುದರಿಂದ, ಹೆಚ್ಚುತ್ತಿರುವ ತಾಪ ಮತ್ತು ಅನಾವೃಷ್ಟಿಗಳು ಕಾರಣವಾಗಿರಬಹುದೆಂದು ಅವರು ಶಂಕಿಸಿದರು. ಅದನ್ನು ಸಾಧಿಸಲು ಇನ್ನೂ ಸಂಶೋಧನೆ ಬೇಕೆಂದೂ ಹೇಳಿದರು. ಕೆಲವೇ ವೃದ್ಧವೃಕ್ಷಗಳ ಮರಣದಿಂದ ಇಡೀ ಜಾತಿಯ ಕ್ಷಯವನ್ನು ಊಹಿಸಲಾಗದು. ಆದರೆ ಹಳೆಯ ಕಾಲಕ್ಕೆ ಸಾಕ್ಷಿಯಾಗಬಲ್ಲವು ಆ ವೃದ್ಧವೃಕ್ಷಗಳೇ.

ಸವಣೂರಿನಲ್ಲಿಯೂ ೨೦೨೩ರ ಜುಲೈ ತಿಂಗಳಿನ ಮಳೆಯಲ್ಲಿ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿಬಿದ್ದಿತು. ಅದನ್ನು ಕಡಿದು ಸೌದೆಮಾಡದೆ, ಯಂತ್ರಗಳ ಸಹಾಯದಿಂದ ಎತ್ತಿ ಮರಳಿ ನೆಟ್ಟುದು ಪ್ರಶಂಸನೀಯವಾದ ಕಾರ್ಯ. ಹಳೆಯ ಓಲೆಯ ಕಟ್ಟೊಂದು ಗೆದ್ದಲಿಗೆ ಸಿಕ್ಕಿದರೆ ಸಾಹಿತ್ಯಪ್ರಿಯರು ಮರುಗುತ್ತಾರೆ, ಪ್ರತಿಮಾಡಿಸಲು ಧಾವಿಸುತ್ತಾರೆ. ಅರಬೀ ಸಮುದ್ರದ ಆಚೆಗಿನ ಸಂಬಂಧಗಳನ್ನು ತನ್ನ ಪ್ರತಿಯೊಂದು ಜೀವಕೋಶದಲ್ಲಿಯೂ ಬರೆದಿಟ್ಟುಕೊಂಡಿರುವ ಈ ಮರಗಳು ಓಲೆಗ್ರಂಥಗಳಿಗೆ ಕಡಮೆಯಾದುವಲ್ಲ. ಅವುಗಳ ಉದುರಿದ ಎಲೆ, ಮುರಿದ ಕೊಂಬೆಗಳನ್ನು ದಿನಾಂಕಸಹಿತವಾಗಿ ರಕ್ಷಿಸುವುದು, ಬೀಜದಿಂದ ಸಸಿಗಳನ್ನು ಬೆಳೆಸುವುದು, ಮಠದಲ್ಲಿಯೂ ಮನೆತನಗಳಲ್ಲಿಯೂ ಉಳಿದ ಕಡತಗಳಲ್ಲಿ ಮರದ ಪ್ರಸ್ತಾಪವನ್ನು ಹುಡುಕುವುದು, ನಾಲ್ಕು ತಾಲ್ಲೂಕುಗಳ ಶಾಸನಗಳ ಸೀಮಾವಿವರಗಳಲ್ಲಿರುವ ವೃಕ್ಷನಾಮಗಳಿಗೆ ಒಂದು ಅಕಾರಾದಿಯನ್ನು ಸಿದ್ಧಪಡಿಸುವುದು—ಇವು ವಿದ್ವಾಂಸರೂ ಉಪಾಧ್ಯಾಯರೂ ತಮ್ಮ ವಿದ್ಯಾರ್ಥಿಗಳೊಡನೆ ಕೈಗೊಳ್ಳಬಹುದಾದ ಕಾರ್ಯಗಳು. ಇವುಗಳಲ್ಲಿ ಅಕಾರಾದಿಯು ಮೊದಲು ಆಗತಕ್ಕದ್ದು. ಅದಕ್ಕೆ ಪ್ರಯೋಗಶಾಲೆ ಬೇಡ, ಪ್ರಕಟವಾದ ಶಾಸನಸಂಪುಟಗಳೂ ಹಳಗನ್ನಡದ ಪರಿಚಯವೂ ಇದ್ದರೆ ಸಾಕು.